ಉದ್ರಿಯೂ ಸಾಲವೇ: ಸೆಬಿ ಅಧ್ಯಕ್ಷರಿಗೆ ಇಳಕಲ್ಲಿನಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಭಾರತೀಯ ಷೇರುಪೇಟೆ ನಿಯಂತ್ರಣ ಮಂಡಳಿ (ಸೆಬಿ), ಮುಂಬೈ

ಪ್ರತಿ: ದೇಶದ ಎಲ್ಲ ಕ್ರೆಡಿಟ್ ರೇಟಿಂಗ್ ಸಂಸ್ಥೆಗಳ ಮುಖ್ಯಸ್ಥರಿಗೆ

ವಿಷಯ: ಕಷ್ಟಕ್ಕೆ ಸಿಕ್ಕ ರಿಟೇಲ್ ಕಂಪನಿಗಳ ಸಾಲಕ್ಕೆ ರೇಟಿಂಗ್ ಕೊಡುವಾಗ ಸಣ್ಣ ಸರಬರಾಜುದಾರರ ಬಾಕಿಯನ್ನೂ ಲೆಕ್ಕಕ್ಕೆ ಹಿಡಿಯುವ ಬಗ್ಗೆ.

ಮಾನ್ಯರೇ,

ನಾವು ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆ ಮಾಡಿಸಿ ಮಾರುವವರು. ನೂಲು, ರೇಷ್ಮೆ ತಂದು ನೇಕಾರರ ಮನೆಗೆ ಕೊಡುತ್ತೇವೆ. ಅವರು ನೇಯ್ದು ಕೊಡುತ್ತಾರೆ, ನಾವು ಕೂಲಿ ಕೊಡುತ್ತೇವೆ. ನಮ್ಮ ಹತ್ತಿರ ಯಾವ ಕಂಪನಿಯ ಷೇರೂ ಇಲ್ಲ, ಬಾಂಡೂ ಇಲ್ಲ. ಹಾಗಿದ್ದರೆ ಸೆಬಿಗೆ ಯಾಕೆ ಪತ್ರ ಎಂದು ತಾವು ಕೇಳಬಹುದು. ತಮ್ಮ 1999ರ ನಿಯಮಗಳ ಕೆಳಗೆ ಕೆಲಸ ಮಾಡುವ ರೇಟಿಂಗ್ ಸಂಸ್ಥೆಗಳು ಒಂದು ಕಂಪನಿಗೆ ಎಂಥ ರೇಟಿಂಗ್, ಅಂದರೆ ಸಾಲ ತೀರಿಸುವ ಶಕ್ತಿಗೆ ಎಂಥ ದರ್ಜೆ, ಕೊಡುತ್ತವೆ ಎನ್ನುವುದರ ಮೇಲೆ ನಮ್ಮೂರಿನ ವಾರದ ಕೂಲಿ ಬಟವಾಡೆ ನಿಂತಿರುತ್ತದೆ. ಆ ರೇಟಿಂಗ್‌ನಲ್ಲಿ ನಮ್ಮ ದುಡ್ಡು ಮಾತ್ರ ಎಲ್ಲೂ ಕಾಣುವುದಿಲ್ಲ. ಅದನ್ನು ತಮ್ಮ ಮುಂದೆ ಇಡಲು ಈ ಪತ್ರ.

ನಡೆದದ್ದನ್ನು ಮೊದಲು ಹೇಳುತ್ತೇನೆ. ಹಲವು ಊರುಗಳಲ್ಲಿ ದೊಡ್ಡ ಮಳಿಗೆ ಇರುವ ಒಂದು ರಿಟೇಲ್ ಕಂಪನಿಗೆ ನಾವು ಸೀರೆ ಕಳಿಸುತ್ತಿದ್ದೆವು. ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ನನ್ನ ದೂರು ಒಂದು ಕಂಪನಿಯ ಮೇಲಲ್ಲ. ಪರ್ಚೇಸ್ ಆರ್ಡರ್‌ನಲ್ಲಿ ಮಾಲು ಮುಟ್ಟಿದ 60 ದಿನಕ್ಕೆ ಹಣ ಎಂದು ಬರೆದಿತ್ತು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆ 45 ದಿನಕ್ಕಿಂತ ಜಾಸ್ತಿ ಬರೆಯಲು ಬಿಡುವುದಿಲ್ಲ. ಆದರೆ ಅಷ್ಟು ದೊಡ್ಡ ಗಿರಾಕಿಯ ಮುಂದೆ ಕಾಯ್ದೆಯ ಮಾತು ಎತ್ತುವ ಸಣ್ಣ ವ್ಯಾಪಾರಿ ಯಾರೂ ಸಿಗುವುದಿಲ್ಲ. ಮೊದಮೊದಲು ಹಣ ಸರಿಯಾಗಿ ಬಂತು. ಆಮೇಲೆ 60 ದಿನ ಹೋಗಿ 90 ಆಯಿತು, 90 ಹೋಗಿ 120 ಆಯಿತು. ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ. ಸಾಫ್ಟ್‌ವೇರ್ ಬದಲಾಗುತ್ತಿದೆ ಎಂದರು. ಮುಂದಿನ ಪೇಮೆಂಟ್ ಸೈಕಲ್‌ಗೆ ಹಾಕಿದ್ದೇವೆ ಎಂದರು. ಮಾಲು ಇಳಿಸಿಕೊಂಡಿದ್ದಕ್ಕೆ ಕೊಡುವ ರಸೀದಿಗೂ (ಜಿಆರ್‌ಎನ್) ಬಿಲ್ಲಿಗೂ ತಾಳೆ ಆಗುತ್ತಿಲ್ಲ ಎಂದು ಹಣ ಕಡಿತದ ಚೀಟಿ, ಅಂದರೆ ಡೆಬಿಟ್ ನೋಟ್, ಕಾರಣವೇ ಇಲ್ಲದೆ ಕಳಿಸಿದರು. ಇಷ್ಟರ ನಡುವೆಯೂ ಹೊಸ ಆರ್ಡರ್ ಬರುವುದು ನಿಲ್ಲಲಿಲ್ಲ. ಹೊಸ ಮಾಲು ಬಂದರೆ ಹಳೆ ಬಾಕಿ ಬಿಡುಗಡೆಗೆ ಸುಲಭ ಆಗುತ್ತದೆ ಎಂದು ಫೋನಿನಲ್ಲೇ ಹೇಳಿದರು. ನಮ್ಮ ಬಾಕಿಯನ್ನೇ ಒತ್ತೆ ಇಟ್ಟುಕೊಂಡು ನಮ್ಮಿಂದಲೇ ಮತ್ತೆ ಉದ್ರಿ ಎತ್ತಿದರು.

ಆ ಹೊತ್ತಿಗೆ ಬೆಳಗಾವಿಯಲ್ಲಿರುವ ಅವರ ಮಳಿಗೆಗೆ ಹೋಗಿ ನೋಡಿದೆ. ಹೊರಗಿನಿಂದ ಎಲ್ಲ ಝಗಮಗ. ಒಳಗೆ ಹೋಗಿ ಒಂದು ಸೋಪು ಎತ್ತಿದರೆ ಅದರ ಹಿಂದೆ ಖಾಲಿ ಹಲಗೆ. ರ್‍ಯಾಕಿನ ಮುಂದಿನ ಸಾಲಿನಲ್ಲಿ ಮಾತ್ರ ಮಾಲು ಜೋಡಿಸಿದ್ದರು. ಮೂರು ಬೇರೆ ಬೇರೆ ಬ್ರ್ಯಾಂಡ್ ಇರಬೇಕಾದ ಕಡೆ ಒಂದೇ ಬ್ರ್ಯಾಂಡನ್ನು ಉದ್ದಕ್ಕೂ ಹರಡಿದ್ದರು. ಮೇಲಿನ ಮಹಡಿಯಲ್ಲಿ ಅರ್ಧ ದೀಪ ಹಚ್ಚಿರಲಿಲ್ಲ. ಸೀರೆ ವಿಭಾಗದಲ್ಲಿ ಹಿಂದಿನ ದೀಪಾವಳಿಯ ಚೀಟಿ ಹಚ್ಚಿದ ಮಾಲು ಹಾಗೇ ಕೂತಿತ್ತು. ದಂಧೆಯಲ್ಲಿ ಇರುವ ಯಾರಿಗಾದರೂ ಇದರ ಅರ್ಥ ತಕ್ಷಣ ತಿಳಿಯುತ್ತದೆ. ದೊಡ್ಡ ಕಂಪನಿಗಳು ಉದ್ರಿ ಕೊಡುವುದನ್ನು ಆಗಲೇ ನಿಲ್ಲಿಸಿವೆ. ಕೊಡುತ್ತಾ ಇರುವವರು ನಮ್ಮಂಥ ಸಣ್ಣವರು ಮಾತ್ರ.

ಮನೆಗೆ ಬಂದು ಆ ಕಂಪನಿಯ ರೇಟಿಂಗ್ ವರದಿ ತೆಗೆದು ಓದಿದೆ. ಈ ವರದಿಗಳನ್ನು ಎಲ್ಲರೂ ಓದುವ ಹಾಗೆ ಹಾಕಿಸಿರುವುದು ಸೆಬಿಯೇ, ಅದಕ್ಕೆ ಧನ್ಯವಾದ. ರೇಟಿಂಗ್ 'ಎ' ಎಂದಿತ್ತು, ಮುನ್ನೋಟ ಸ್ಥಿರ ಎಂದಿತ್ತು. ಪ್ರವರ್ತಕರ ಅನುಭವ, ಹಲವು ಊರುಗಳಲ್ಲಿ ಹರಡಿದ ಮಳಿಗೆಗಳು, ಬ್ಯಾಂಕಿನ ಕಂತು ತಪ್ಪಿಲ್ಲ, ಹೀಗೆ ಒಳ್ಳೆಯ ಅಂಶಗಳು ಸಾಲಾಗಿ ಇದ್ದವು. ಅದರಲ್ಲಿ ಒಂದು ವಾಕ್ಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಸರಬರಾಜುದಾರರಿಂದ ಸಿಗುವ ಉದ್ರಿಯಿಂದ ಕಂಪನಿಯ ದುಡಿಯುವ ಬಂಡವಾಳಕ್ಕೆ ಆಸರೆ ಸಿಕ್ಕಿದೆ ಎಂಬ ಅರ್ಥದ ವಾಕ್ಯ ಅದು. ಆ ಆಸರೆ ನಮ್ಮ ಬಾಕಿ. ಅದನ್ನು ನಾವು ಮನಸಾರೆ ಕೊಟ್ಟಿದ್ದಲ್ಲ, ಅವರು ತಡೆದು ಇಟ್ಟುಕೊಂಡಿದ್ದು.

ಇದೇ ಬಿಲ್ಲು ಇಳಕಲ್ಲಿನಲ್ಲಿ ಏನಾಗುತ್ತದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ನಮಗೆ ಬ್ಯಾಂಕಿನಲ್ಲಿ ಸಿಸಿ ಖಾತೆ ಇದೆ, ಅಂದರೆ ಸ್ಟಾಕು ಮತ್ತು ಬರಬೇಕಾದ ಬಿಲ್ಲುಗಳ ಮೇಲೆ ಸಿಗುವ ಸಾಲ. ತಿಂಗಳು ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. 90 ದಿನ ದಾಟಿದ ಬಿಲ್ಲನ್ನು ಬ್ಯಾಂಕು ಲೆಕ್ಕದಿಂದ ಕಿತ್ತುಹಾಕುತ್ತದೆ. ನಾವು ಎತ್ತಬಹುದಾದ ಸಾಲದ ಮಿತಿ, ಅಂದರೆ ಡ್ರಾಯಿಂಗ್ ಪವರ್, ಅಷ್ಟು ಇಳಿಯುತ್ತದೆ. ಮ್ಯಾನೇಜರ್ ಸಾಹೇಬರು ಹೇಳುವುದು ಸರಿಯೇ ಇದೆ: ಇಷ್ಟು ದಿನ ಬಾರದ ಹಣವನ್ನು ಅವರು ನಂಬುವುದು ಹೇಗೆ? ಅಂದರೆ ನನ್ನ ಪುಸ್ತಕದಲ್ಲಿ ಈ ಬಿಲ್ಲು ಕೆಟ್ಟ ಬಾಕಿ. ಕಂಪನಿಯ ಪುಸ್ತಕದಲ್ಲಿ ಅದೇ ಬಿಲ್ಲು ಬಡ್ಡಿ ಇಲ್ಲದ ಆಸರೆ. ಒಂದೇ ಕಾಗದ, ಒಂದೇ ಮೊತ್ತ. ಇದರ ಮೇಲೆ ಜಿಎಸ್‌ಟಿ ಬೇರೆ. ಗಿರಾಕಿ ಹಣ ಕೊಡಲಿ ಬಿಡಲಿ, ಬಿಲ್ಲು ಬರೆದ ಮುಂದಿನ ತಿಂಗಳು ನಾವು ತೆರಿಗೆ ಕಟ್ಟಲೇಬೇಕು.

ಆ ಭಾರ ನಮ್ಮ ಹತ್ತಿರವೇ ನಿಲ್ಲುವುದಿಲ್ಲ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಒಂದೊಂದೇ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ದಿನಗಟ್ಟಲೆ ನೇಯ್ದರೆ ಒಂದು ಸೀರೆ ಇಳಿಯುತ್ತದೆ. ಮನೆಯ ಹೆಂಗಸರು ನೂಲಿನ ಕಂಡಿಕೆ ಸುತ್ತುತ್ತಾರೆ, ಅವರಿಗೆ ಬೇರೆ ಕೂಲಿಯೇ ಇಲ್ಲ. ಅಂಥ ಮನೆಗೆ ಹೋಗಿ ಮುಂದಿನ ಪೇಮೆಂಟ್ ಸೈಕಲ್‌ನಲ್ಲಿ ಕೊಡುತ್ತೇನೆ ಎಂದು ಹೇಳಲು ಆಗುವುದಿಲ್ಲ. ನಾವು ಬಂಗಾರ ಅಡವಿಟ್ಟು ಬಟವಾಡೆ ಮಾಡಿದೆವು. ಅಡವಿಡಲು ಏನೂ ಇಲ್ಲದವರು ಮಗ್ಗ ನಿಲ್ಲಿಸಿದರು. ಗುಳೇದಗುಡ್ಡದಲ್ಲಿ ಖಣ ಮಾಡಿಸುವ ನಮ್ಮ ಪರಿಚಯದವರದೂ, ರಬಕವಿ–ಬನಹಟ್ಟಿಯ ಪವರ್‌ಲೂಮ್ ಮಾಲೀಕರದೂ ಇದೇ ಗೋಳು.

ಇನ್ನು ರೇಟಿಂಗ್ ಲೆಕ್ಕಕ್ಕೆ ಬರುತ್ತೇನೆ. ಒಂದು ರಿಟೇಲ್ ಕಂಪನಿಯ ಸಾಲ ತೀರುತ್ತದೋ ಇಲ್ಲವೋ ಎಂದು ನೋಡುವಾಗ ರೇಟಿಂಗ್ ಸಂಸ್ಥೆಯವರು ಹಳೆಯ ಮಳಿಗೆಗಳ ಮಾರಾಟ ಏರಿದೆಯೋ ಇಳಿದಿದೆಯೋ ನೋಡುತ್ತಾರೆ. ಚದರ ಅಡಿಗೆ ಎಷ್ಟು ವ್ಯಾಪಾರ, ಬಾಡಿಗೆ ಎಷ್ಟು, ಸ್ಟಾಕು ಎಷ್ಟು ದಿನ ಕೂರುತ್ತದೆ, ದುಡಿದ ಲಾಭ ಬಡ್ಡಿಯ ಎಷ್ಟು ಪಟ್ಟು ಇದೆ, ಪ್ರವರ್ತಕರು ಷೇರು ಅಡವಿಟ್ಟಿದ್ದಾರಾ ಎಂದೂ ನೋಡುತ್ತಾರೆ. ಸರಬರಾಜುದಾರರಿಗೆ ಎಷ್ಟು ದಿನಕ್ಕೆ ಹಣ ಕೊಡುತ್ತಿದ್ದಾರೆ ಎಂಬ ಲೆಕ್ಕವೂ ಅವರ ಕೋಷ್ಟಕದಲ್ಲಿ ಇರುತ್ತದೆ. ಆದ್ದರಿಂದ ಅವರಿಗೆ ಗೊತ್ತಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ 'ಡಿ', ಅಂದರೆ ಡಿಫಾಲ್ಟ್, ಎಂದು ಬರೆಯುವುದು ಬ್ಯಾಂಕ್ ಸಾಲ, ಬಾಂಡ್, ಡಿಬೆಂಚರ್ ತಪ್ಪಿದಾಗ ಮಾತ್ರ. ಅಲ್ಲಿ ನಿಯಮ ತುಂಬಾ ಬಿಗಿ. ಒಂದು ದಿನ ತಡ ಆದರೂ, ಒಂದು ರೂಪಾಯಿ ಕಡಿಮೆ ಬಿದ್ದರೂ ಡಿಫಾಲ್ಟೇ. ಹಾಗೇ ಇರಬೇಕು. ಆದರೆ ಬ್ಯಾಂಕಿನ ಒಂದು ರೂಪಾಯಿಗೆ ಒಂದು ದಿನದ ವಿನಾಯಿತಿಯೂ ಇಲ್ಲದಿರುವಾಗ, ನೇಕಾರರ ಲಕ್ಷಗಟ್ಟಲೆ ರೂಪಾಯಿ ವರ್ಷಗಟ್ಟಲೆ ನಿಂತರೂ ರೇಟಿಂಗ್ ಅಲುಗಾಡದೆ ಇರಬಹುದು ಎನ್ನುವುದು ನ್ಯಾಯವೇ?

ಒಂದು ಸುಮ್ನೆ ಲೆಕ್ಕ ಹಾಕೋಣ. ವರ್ಷಕ್ಕೆ 1,000 ಕೋಟಿ ಮಾಲು ಕೊಳ್ಳುವ ಕಂಪನಿ ಎಂದುಕೊಳ್ಳಿ. 60 ದಿನಕ್ಕೆ ಕೊಡುತ್ತಿದ್ದ ಹಣವನ್ನು 120 ದಿನಕ್ಕೆ ತಳ್ಳಿದರೆ ಅದರ ಕೈಯಲ್ಲಿ ಸುಮಾರು 164 ಕೋಟಿ ಉಳಿಯುತ್ತದೆ. ಅದೇ 164 ಕೋಟಿಯನ್ನು ಬ್ಯಾಂಕಿನಿಂದ ತಂದಿದ್ದರೆ ಸಾಲ ಅಷ್ಟು ಏರುತ್ತಿತ್ತು, ಬಡ್ಡಿ ಬೀಳುತ್ತಿತ್ತು, ಬಡ್ಡಿಗೂ ಲಾಭಕ್ಕೂ ಇರುವ ಅನುಪಾತ ಕೆಡುತ್ತಿತ್ತು, ರೇಟಿಂಗ್‌ಗೆ ಪೆಟ್ಟು ಬೀಳುತ್ತಿತ್ತು. ಸರಬರಾಜುದಾರರಿಂದ ತೆಗೆದುಕೊಂಡರೆ ಇದು ಯಾವುದೂ ಆಗುವುದಿಲ್ಲ. ಆ ವರ್ಷ ನಗದು ಹರಿವು ಚೆನ್ನಾಗಿಯೇ ಕಾಣುತ್ತದೆ. ಆ ಹಣದಲ್ಲೇ ಬ್ಯಾಂಕಿನ ಕಂತು ಸರಿಯಾದ ದಿನಕ್ಕೆ ಹೋಗುತ್ತದೆ. ಕಂತು ತಪ್ಪಿಲ್ಲ ಎಂದು ರೇಟಿಂಗ್ ನಿಲ್ಲುತ್ತದೆ. ರೇಟಿಂಗ್ ನಿಂತಿದೆ ಎಂದು ನಮ್ಮಂಥವರು ಮತ್ತೆ ಮಾಲು ಕಳಿಸುತ್ತಾರೆ. ತಳ್ಳಲು ಇನ್ನು ಜಾಗವೇ ಇಲ್ಲ ಎಂದಾಗ ಎಲ್ಲ ಒಮ್ಮೆಲೇ ಕುಸಿಯುತ್ತದೆ. ನಮ್ಮ ಗಿರಾಕಿಯದ್ದೂ ಹಾಗೇ ಆಯಿತು. 'ಎ' ಇದ್ದದ್ದು 'ಬಿಬಿಬಿ'ಗೆ ಇಳಿಯಿತು, ಅದಾಗಿ ಕೆಲವೇ ವಾರಗಳಲ್ಲಿ 'ಡಿ'. ಅಷ್ಟರಲ್ಲಿ ನಮ್ಮ ಬಾಕಿ ಮುಳುಗಿಯಾಗಿತ್ತು.

ಬಾಡಿಗೆಯ ವಿಷಯದಲ್ಲಿ ದೇಶ ಒಂದು ಒಳ್ಳೆಯ ಕೆಲಸ ಮಾಡಿದೆ. 2019ರ ಏಪ್ರಿಲ್ 1ರಿಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮ ಬಂತು. ವರ್ಷಗಟ್ಟಲೆ ಬಾಡಿಗೆ ಕೊಡುವುದಾಗಿ ಒಪ್ಪಿಕೊಂಡ ಮಳಿಗೆಗಳ ಹೊಣೆ ಅಲ್ಲಿಯವರೆಗೆ ಬ್ಯಾಲೆನ್ಸ್ ಶೀಟಿನ ಹೊರಗೇ ಇರುತ್ತಿತ್ತು. ಈಗ ಅದು ಸಾಲದ ಹಾಗೆ ಒಳಗೆ ಬಂದಿದೆ. ರಿಟೇಲ್ ಕಂಪನಿಗಳ ನಿಜವಾದ ಭಾರ ಎಷ್ಟು ಎಂದು ಇದರಿಂದ ತಿಳಿಯಿತು. ಮಳಿಗೆ ಮಾಲೀಕನಿಗೆ ಕೊಡಬೇಕಾದ ನಾಳಿನ ಬಾಡಿಗೆ ಸಾಲದಂತೆ ಲೆಕ್ಕಕ್ಕೆ ಬರುವುದಾದರೆ, ನಿನ್ನೆಯೇ ಕೊಡಬೇಕಿದ್ದ ನೇಕಾರನ ಹಣ ಬಾರದೇ ಇರಲು ನನಗಂತೂ ಕಾರಣ ಕಾಣುವುದಿಲ್ಲ.

ದೇಶ ಕಂಡ ದೊಡ್ಡ ಕುಸಿತಗಳನ್ನು ತಮಗೆ ನೆನಪಿಸಬೇಕಾಗಿಲ್ಲ. ಮೂಲಸೌಕರ್ಯಕ್ಕೆ ಸಾಲ ಕೊಡುತ್ತಿದ್ದ ಐಎಲ್ ಆ್ಯಂಡ್ ಎಫ್‌ಎಸ್ ಕಂಪನಿಗೆ 2018ರ ಆಗಸ್ಟಿನವರೆಗೆ ಎಲ್ಲಕ್ಕಿಂತ ಮೇಲಿನ ದರ್ಜೆ 'ಎಎಎ' ಇತ್ತು, ಸೆಪ್ಟೆಂಬರಿನಲ್ಲಿ 'ಡಿ' ಆಯಿತು. ರೇಟಿಂಗ್ ಸಂಸ್ಥೆಗಳಿಗೆ 2019ರಲ್ಲಿ ತಲಾ 25 ಲಕ್ಷ ದಂಡ ಹಾಕಿ, ಮರುವರ್ಷ ಅದನ್ನು 1 ಕೋಟಿಗೆ ಏರಿಸಿದ್ದು ಸೆಬಿಯೇ. ರಿಟೇಲ್ ಕ್ಷೇತ್ರದಲ್ಲಿ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ರಿಟೇಲ್ ಕಥೆ ಎಲ್ಲರ ಕಣ್ಣ ಮುಂದೆ ನಡೆಯಿತು. 2020ರ ಜನವರಿಯಲ್ಲಿ ಅದು 50 ಕೋಟಿ ಡಾಲರ್ ಬಾಂಡ್ ಎತ್ತಿತು. ಜುಲೈ ಹೊತ್ತಿಗೆ ಮೊದಲ ಬಡ್ಡಿಯನ್ನೇ ದಿನಕ್ಕೆ ಸರಿಯಾಗಿ ಕಟ್ಟಲು ಆಗದೆ, ಕೃಪಾವಧಿಯಲ್ಲಿ ಕಟ್ಟಿತು. ನಡುವೆ ಕೊರೋನಾ ಬಂದು ಮಳಿಗೆ ಮುಚ್ಚಿದ್ದೂ ನಿಜ, ಅದನ್ನು ಮರೆಯಬಾರದು. 2022ರ ಜುಲೈನಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಯಿತು, 2024ರಲ್ಲಿ ಸಮಾಪನಕ್ಕೆ, ಅಂದರೆ ಆಸ್ತಿ ಮಾರಿ ಕಂಪನಿ ಮುಚ್ಚಲು, ಆದೇಶವಾಯಿತು. ಅದಕ್ಕೂ ಮೊದಲು, 2009ರ ಸುಮಾರಿಗೆ, ಚೆನ್ನೈನ ಸುಭಿಕ್ಷಾ ತನ್ನ ನೂರಾರು ಅಂಗಡಿಗಳ ಬಾಗಿಲು ಹಾಕಿತ್ತು. ರಿಟೇಲ್ ಕಂಪನಿ ಮುಳುಗಿದಾಗಲೆಲ್ಲ ಪತ್ರಿಕೆಗಳಲ್ಲಿ ಬ್ಯಾಂಕುಗಳ ಸಾಲದ ಮೊತ್ತ ಬರುತ್ತದೆ. ಸರಬರಾಜುದಾರರದ್ದು ಕೊನೆಯ ಪ್ಯಾರಾಕ್ಕೆ ಬಂದರೆ ಅದೇ ದೊಡ್ಡದು.

ದಿವಾಳಿ ಕಾನೂನಿನಲ್ಲಿ ನಮ್ಮ ಜಾಗ ಎಲ್ಲಿದೆ ಎಂದು ತಮಗೆ ಗೊತ್ತು. ಕಂಪನಿಯ ಮೇಲೆ ದಿವಾಳಿ ಅರ್ಜಿ ಹಾಕಲು ಬಾಕಿ ಕನಿಷ್ಠ 1 ಕೋಟಿ ಇರಬೇಕು, 2020ರ ಮಾರ್ಚಿನಲ್ಲಿ ಹಾಗೆ ಮಾಡಿದರು. ನಮ್ಮ ಬಾಕಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಬೇರೆ ಯಾರೋ ಅರ್ಜಿ ಹಾಕಿ ಪ್ರಕ್ರಿಯೆ ಶುರುವಾದರೆ ನಮ್ಮ ಬಾಕಿ ಕೇಳಲು ನಾವು 'ಫಾರ್ಮ್ ಬಿ' ತುಂಬಿ ಕೊಡಬೇಕು. ಸಾಲ ಕೊಟ್ಟವರ ಸಮಿತಿಯಲ್ಲಿ ಬ್ಯಾಂಕುಗಳಿಗೆ ಮತ ಇದೆ, ನಮಗಿಲ್ಲ. ಹಣ ಹಂಚುವ ಸಾಲಿನಲ್ಲಿ ಬ್ಯಾಂಕು, ಬಾಂಡಿನವರು, ಸರ್ಕಾರ ಎಲ್ಲ ಆದ ಮೇಲೆ ನಾವು. ಹೀಗಿರುವಾಗ ನಮಗೆ ಉಳಿದಿರುವ ರಕ್ಷಣೆ ಒಂದೇ, ಕಂಪನಿ ಕೆಡುತ್ತಿದೆ ಎಂಬ ಸುದ್ದಿ ಹೊತ್ತಿಗೆ ಸರಿಯಾಗಿ ಸಿಗುವುದು. ಆ ಸುದ್ದಿ ಕೊಡಬೇಕಾದವರು ರೇಟಿಂಗ್ ಸಂಸ್ಥೆಯವರು.

ರೇಟಿಂಗ್ ಇರುವುದು ಸಾಲ ಕೊಟ್ಟವರಿಗೆ, ಸರಬರಾಜುದಾರರಿಗಲ್ಲ ಎಂದು ಅವರು ಹೇಳಬಹುದು. ಹೀಗೆಂದು ಕೈತೊಳೆದುಕೊಳ್ಳಲು ಈಗ ಬರುವುದಿಲ್ಲ. ಸಣ್ಣ ಉದ್ಯಮಗಳು ತಮ್ಮ ಬಿಲ್ಲನ್ನು ಬ್ಯಾಂಕಿಗೆ ಮಾರಿ ಬೇಗ ಹಣ ಪಡೆಯುವ ಆನ್‌ಲೈನ್ ವೇದಿಕೆ ಟ್ರೆಡ್ಸ್‌ಗೆ ಸೇರುವುದನ್ನು ಸರ್ಕಾರವೇ 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳಿಗೆ ಕಡ್ಡಾಯ ಮಾಡಿದೆ. ಅಲ್ಲಿ ನಮ್ಮ ಬಿಲ್ಲನ್ನು ಕೊಳ್ಳುವ ಬ್ಯಾಂಕು, ಮಾಲು ಕೊಂಡ ಕಂಪನಿಯ ರೇಟಿಂಗ್ ನೋಡಿಯೇ ದರ ಹೇಳುತ್ತದೆ. ರೇಟಿಂಗ್ ಕೆಟ್ಟರೆ ಬಿಲ್ಲು ಕೇಳುವವರೇ ಇಲ್ಲ. ಹಾಗಾಗಿ ಆ ಅಕ್ಷರ ಈಗ ನಮ್ಮ ದಂಧೆಯ ಅಕ್ಷರವೂ ಹೌದು.

ಮಾಹಿತಿ ಎಲ್ಲಿಂದ ತರುವುದು ಎಂಬ ಪ್ರಶ್ನೆಯೂ ಏಳುವುದಿಲ್ಲ. ಸಣ್ಣ ಉದ್ಯಮಗಳಿಗೆ 45 ದಿನ ದಾಟಿ ಬಾಕಿ ಉಳಿಸಿಕೊಂಡ ಕಂಪನಿ ಆರು ತಿಂಗಳಿಗೊಮ್ಮೆ ಎಂಎಸ್‌ಎಂಇ ಫಾರ್ಮ್-1 ಸಲ್ಲಿಸಬೇಕು ಎಂದು 2019ರಿಂದಲೇ ಇದೆ. ವಾರ್ಷಿಕ ಲೆಕ್ಕಪತ್ರದಲ್ಲಿ ಬಾಕಿಯನ್ನು ವಯಸ್ಸಿನ ಪ್ರಕಾರ ತೋರಿಸಬೇಕು ಎಂದೂ 2021ರಲ್ಲಿ ಮಾಡಿದರು. ಆದರೆ ಅದರಲ್ಲಿ ಮೊದಲ ಕಟ್ಟು 'ಒಂದು ವರ್ಷದೊಳಗೆ' ಎಂದಿದೆ. 46 ದಿನದ ಬಾಕಿಯೂ 360 ದಿನದ ಬಾಕಿಯೂ ಅದೇ ಕಟ್ಟಿನಲ್ಲಿ. ರಿಟೇಲ್ ಕಂಪನಿ ಸಾಯುವುದೋ ಬದುಕುವುದೋ ಆ ಒಂದು ವರ್ಷದೊಳಗೇ ತೀರ್ಮಾನ ಆಗಿಬಿಡುತ್ತದೆ.

ಆದ್ದರಿಂದ ತಮ್ಮಲ್ಲಿ ನಮ್ಮ ಮುಖ್ಯ ಕೋರಿಕೆ ಇದು. ಸಾಲದ ಕಂತು ತಪ್ಪಿಲ್ಲ ಎಂದು ಕಂಪನಿಗಳು ಪ್ರತಿ ತಿಂಗಳು ರೇಟಿಂಗ್ ಸಂಸ್ಥೆಗೆ ಬರೆದುಕೊಡುವ ಹೇಳಿಕೆ ಒಂದಿದೆ. ಸೆಬಿ ತಂದ ಒಳ್ಳೆಯ ವ್ಯವಸ್ಥೆ. ಅದರಲ್ಲಿ ಇನ್ನೊಂದು ಸಾಲು ಸೇರಿಸಿ: 45 ದಿನ ದಾಟಿದ ಸಣ್ಣ ಸರಬರಾಜುದಾರರ ಬಾಕಿ ಎಷ್ಟು, ಹೋದ ತಿಂಗಳಿಗಿಂತ ಹೆಚ್ಚೋ ಕಡಿಮೆಯೋ. ಕಂಪನಿಯ ಕೈಯಲ್ಲಿ ನಗದು ಎಷ್ಟಿದೆ ಎಂದು ಹೇಳುವ, ವರದಿಯ ಲಿಕ್ವಿಡಿಟಿ ಭಾಗದಲ್ಲಿ ಆ ಅಂಕಿ ಅಚ್ಚಾಗಲಿ. ಕಾಲ ಮೀರಿದ ಬಾಕಿಯನ್ನು ಸಾಲಕ್ಕೆ ಕೂಡಿಸಿದರೆ ಅನುಪಾತಗಳು ಎಷ್ಟಾಗುತ್ತವೆ ಎಂದು ಪಕ್ಕದಲ್ಲೇ ತೋರಿಸಲಿ. ಹಾಗೆ ಮಾಡಿದರೆ ಉದ್ರಿ ತಳ್ಳಿ ರೇಟಿಂಗ್ ಉಳಿಸಿಕೊಳ್ಳುವ ದಾರಿ ಮುಚ್ಚುತ್ತದೆ. ಸರಬರಾಜುದಾರರಿಗೆ ಕೊಡುವುದು ನಿಂತಿರುವ ಕಂಪನಿಗೆ ಅಲ್ಲಿ 'ಅಡಿಕ್ವೇಟ್' (ನಗದು ಸಾಕಷ್ಟಿದೆ) ಎಂಬ ಪದ ಬಳಸಲು ಬಿಡಬೇಡಿ.

ವಿಶ್ಲೇಷಕರು ಮಳಿಗೆಗೆ ಹೋಗಬೇಕು ಎಂಬುದೂ ನಮ್ಮ ಕೋರಿಕೆ. ಕಂಪನಿಯ ಆಡಳಿತ, ಬ್ಯಾಂಕು, ಆಡಿಟರ್ ಎಲ್ಲರ ಹತ್ತಿರ ಮಾತಾಡುತ್ತಾರೆ. ಬಾಕಿ ಪಟ್ಟಿಯಿಂದ ತಾವೇ ಆರಿಸಿದ ಕೆಲವು ಸರಬರಾಜುದಾರರಿಗೂ ಫೋನ್ ಮಾಡಲಿ. ಕಂಪನಿ ಕೊಟ್ಟ ಹೆಸರುಗಳಿಗೆ ಮಾಡಿದರೆ ಪ್ರಯೋಜನ ಇಲ್ಲ. ಮಾಹಿತಿ ಕೊಡದ ಕಂಪನಿಗೆ 'ಸಹಕರಿಸುತ್ತಿಲ್ಲ' ಎಂದು ಗುರುತು ಹಾಕಿ, ಆರು ತಿಂಗಳು ಕಳೆದ ಮೇಲೆ ರೇಟಿಂಗನ್ನು ಹೂಡಿಕೆ ದರ್ಜೆಯಿಂದ ಕೆಳಗೆ ಇಳಿಸುವ ನಿಯಮವಿದೆ. ರಿಟೇಲ್‌ಗೆ ಆರು ತಿಂಗಳು ತುಂಬಾ ಉದ್ದ. ಅಷ್ಟರಲ್ಲಿ ಒಂದು ದಸರಾ–ದೀಪಾವಳಿಯ ಮಾಲು ಪೂರ್ತಿ ಹೋಗಿರುತ್ತದೆ. ಅದನ್ನು ಮೂರಕ್ಕೆ ಇಳಿಸಿ. ಬ್ಯಾಂಕ್ ಸಾಲದ ರೇಟಿಂಗ್ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ಜೊತೆ ಮಾತಾಡಬೇಕಾಗುತ್ತದೆ ಎಂದು ನಮಗೂ ಗೊತ್ತು. ಅದನ್ನೂ ತಾವೇ ಮುಂದೆ ನಿಂತು ಮಾಡಬೇಕು.

ಇದಕ್ಕೆ ಒಂದು ತಕರಾರು ಬರುತ್ತದೆ, ಅದು ಸುಳ್ಳಲ್ಲ. ಬಾಕಿ ಅಂಕಿ ಹೊರಗೆ ಬಿದ್ದರೆ ಸರಬರಾಜುದಾರರೆಲ್ಲ ಹೆದರಿ ಮಾಲು ನಿಲ್ಲಿಸುತ್ತಾರೆ, ಉಳಿಯಬಹುದಾಗಿದ್ದ ಕಂಪನಿಯೂ ಮುಳುಗುತ್ತದೆ ಎನ್ನುವರು. ನಾನು ಈ ಬಗ್ಗೆ ತುಂಬಾ ಯೋಚಿಸಿದ್ದೇನೆ. ದೊಡ್ಡ ಕಂಪನಿಗಳಿಗೆ ಸುದ್ದಿ ಮೊದಲೇ ಸಿಗುತ್ತದೆ, ಅವು ಈಗಲೂ ಮೊದಲೇ ನಿಲ್ಲಿಸುತ್ತವೆ. ಬೆಳಗಾವಿಯ ಖಾಲಿ ಹಲಗೆ ಅದನ್ನೇ ಹೇಳುತ್ತಿತ್ತು. ಗುಟ್ಟಿನಿಂದ ಕಂಪನಿ ಉಳಿಯುವುದಿಲ್ಲ, ಅದು ಮುಳುಗುವಾಗ ಒಳಗೆ ಸಿಕ್ಕಿಕೊಳ್ಳುವವರು ಯಾರು ಎನ್ನುವುದು ಮಾತ್ರ ಬದಲಾಗುತ್ತದೆ. ಮೇಲಾಗಿ, ಬಾಕಿಯಿಂದ ರೇಟಿಂಗ್ ಕೆಡುತ್ತದೆ ಎಂದು ಗೊತ್ತಾದರೆ ಕಂಪನಿಗಳು ಮೊದಲಿನಿಂದಲೇ ಹೊತ್ತಿಗೆ ಸರಿಯಾಗಿ ಕೊಡುತ್ತವೆ. ಬ್ಯಾಂಕಿನ ಕಂತಿನ ವಿಷಯದಲ್ಲಿ ಹಾಗೇ ನಡೆದುಕೊಳ್ಳುತ್ತಿವೆ, ಅಲ್ವಾ?

ಕಾನೂನಿನಲ್ಲಿ ನಿಮಗೆ ದಾರಿ ಇದೆಯಲ್ಲ ಎಂದೂ ಕೇಳುವವರಿದ್ದಾರೆ. ಇದೆ. ತಡವಾದ ಹಣಕ್ಕೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು ಕಾಯ್ದೆ ಹೇಳುತ್ತದೆ. ಬಾಕಿಯ ದೂರು ಕೊಡಲು ಸಮಾಧಾನ್ ಪೋರ್ಟಲ್ ಇದೆ, ಅದನ್ನು ತೀರ್ಮಾನಿಸಲು ಫೆಸಿಲಿಟೇಶನ್ ಕೌನ್ಸಿಲ್ ಇದೆ. ಅಲ್ಲಿ ದೂರು ಕೊಟ್ಟ ದಿನವೇ ಆ ಗಿರಾಕಿ ಹೋದ ಹಾಗೆ. ಬೇರೆ ನೇಕಾರ ಮಾಲೀಕರಿಂದ ಸೀರೆ ಕೊಂಡು ಕಳಿಸುವ ಬರೀ ವ್ಯಾಪಾರಿಗಳಿಗಂತೂ ಆ ರಕ್ಷಣೆಯೇ ಸಿಗುವುದಿಲ್ಲ. ಸಣ್ಣ ಉದ್ಯಮ ಎಂಬ ಸರ್ಕಾರದ 'ಉದ್ಯಮ್' ನೋಂದಣಿ ಇದ್ದರೂ ಅವರನ್ನು ಆದ್ಯತಾ ಸಾಲಕ್ಕೆ ಮಾತ್ರ ಸೇರಿಸಿದ್ದಾರೆ. ರೇಟಿಂಗ್‌ನಲ್ಲಿ ಬಾಕಿ ಕಾಣಿಸಿದರೆ ಇವರಿಗೂ ಉಪಯೋಗ, ಯಾರ ಮೇಲೂ ದೂರು ಕೊಡಬೇಕಾಗಿಲ್ಲ.

ಸೆಬಿ ಹೊಸ ನಿಯಮ ತರುವ ಮೊದಲು ಕರಡು ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಈ ವಿಷಯದ ಮೇಲೂ ಅಂಥ ಒಂದು ಕರಡು ಹೊರಡಿಸಬೇಕೆಂದು ಕೇಳಿಕೊಳ್ಳುತ್ತೇವೆ. ಅದರ ಕನ್ನಡ ಪ್ರತಿಯನ್ನೂ ಕೊಡಿ, ಇಳಕಲ್, ಗುಳೇದಗುಡ್ಡ, ರಬಕವಿ–ಬನಹಟ್ಟಿಯ ನೇಕಾರರ ಸಂಘಗಳಿಗೆ ಓದಿ ಉತ್ತರ ಬರೆಯಲು ಆಗುತ್ತದೆ. ನಮ್ಮ ಬಿಲ್ಲು, ಇ-ವೇ ಬಿಲ್ಲು, ಜಿಆರ್‌ಎನ್ ಪ್ರತಿ, ಡೆಬಿಟ್ ನೋಟ್, ಅವರ ಕಚೇರಿಯಿಂದ ಬಂದ ಮೇಲ್‌ಗಳು ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟಿದ್ದೇವೆ. ಆ ಕಾಲದ ರೇಟಿಂಗ್ ವರದಿಗಳೂ ಜೊತೆಗಿವೆ. ತಮ್ಮ ಕಚೇರಿಯಿಂದ ಯಾರು ಕೇಳಿದರೂ ಕಳಿಸಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಸೀರೆ ತಯಾರಕ
ಇಳಕಲ್, ಬಾಗಲಕೋಟೆ ಜಿಲ್ಲೆ